ಕಾರವಾರದ ಬಂಡೆ ಎಲ್ಲಿ ಹುಟ್ಟಿತು? ಅಗ್ನಿಶಿಲೆ ಮತ್ತು ಖನಿಜ ರಸಾಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಕಡೆ ಕಲ್ಲಿನ ಬಗ್ಗೆ ಕುತೂಹಲ ಇರುವವರು ಜಾಸ್ತಿ. ಡಿಗ್ರಿ ಓದುವ ಮಕ್ಕಳು, ಹೈಸ್ಕೂಲ್ ಮಾಸ್ತರು, ಜಲ್ಲಿ ಕ್ರಷರ್‌ನವರು, ಬೀಚಿಗೆ ಬಂದ ಪ್ರವಾಸಿಗರು, ಎಲ್ಲರೂ ಕೇಳುತ್ತಾರೆ. ಅವರ ಪ್ರಶ್ನೆಗಳನ್ನು ಹೆಚ್ಚು ಕಡಿಮೆ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಒಂದೆರಡು ಕಡೆ ಲೆಕ್ಕ ಬರುತ್ತದೆ. ಹೆದರಬೇಡಿ, ಗುಣಿಸಿ ಕಳೆಯುವಷ್ಟೇ.

ಅಗ್ನಿಶಿಲೆ ಅಂದರೆ ಜ್ವಾಲಾಮುಖಿಯ ಕಲ್ಲು ಅಲ್ವಾ? ಹಾಗಾದರೆ ಕಾರವಾರದಲ್ಲಿ ಜ್ವಾಲಾಮುಖಿ ಇತ್ತಾ?

ಎಲ್ಲಾ ಅಗ್ನಿಶಿಲೆಯೂ ಜ್ವಾಲಾಮುಖಿಯಿಂದ ಬಂದದ್ದಲ್ಲ. ಕರಗಿದ ಕಲ್ಲಿಗೆ ಮ್ಯಾಗ್ಮಾ ಎನ್ನುತ್ತೇವೆ. ಅದು ಮೇಲೆ ಉಕ್ಕಿ ಬಂದು ಆರಿದರೆ ಬಸಾಲ್ಟ್, ರಯೊಲೈಟ್‌ನಂಥ ಕಲ್ಲು. ನೆಲದಡಿ ಹತ್ತಾರು ಕಿಲೋಮೀಟರ್ ಆಳದಲ್ಲೇ ಉಳಿದು ನಿಧಾನ ಆರಿದರೆ ಗ್ರಾನೈಟ್ ಜಾತಿಯ ಕಲ್ಲು. ಕಾರವಾರದ ಸುತ್ತ ಇರುವ ಹಳೆಯ ಬಂಡೆ ಈ ಎರಡನೆಯ ಬಗೆಯದು. ಮೇಲಿದ್ದ ಅಷ್ಟೂ ಕಲ್ಲು ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋಗಿದ್ದಕ್ಕೆ ನಮಗೆ ಅದು ಕಾಣುತ್ತಿದೆ.

ಕಲ್ಲಿನ ರಸಾಯನ, ಖನಿಜದ ರಸಾಯನ, ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಪುಟದ ತಿರುಳು ಇರುವುದೇ ಇಲ್ಲಿ.

ಮುಷ್ಟಿ ಗಾತ್ರದ ಕಲ್ಲನ್ನು ಪುಡಿ ಮಾಡಿ ಅಳೆದರೆ ಸಿಲಿಕಾ ಎಷ್ಟು, ಕಬ್ಬಿಣ ಎಷ್ಟು, ಸೋಡಿಯಂ ಎಷ್ಟು ಎಂದು ಗೊತ್ತಾಗುತ್ತದೆ. ಅದು ಸರಾಸರಿ ಮಾತ್ರ. ಆ ಕಲ್ಲಿನಲ್ಲಿ ಮೊದಲು ಹುಟ್ಟಿದ ಹರಳು, ಆಮೇಲೆ ಹುಟ್ಟಿದ್ದು, ಕೊನೆಗೆ ಸಂದಿಯಲ್ಲಿ ತುಂಬಿಕೊಂಡದ್ದು, ಎಲ್ಲವೂ ಪುಡಿಯಲ್ಲಿ ಕಲೆತು ಹೋಗಿರುತ್ತದೆ. ಯಾವುದು ಮೊದಲು, ಯಾವುದು ನಂತರ ಎನ್ನುವುದು ಅಲ್ಲಿ ಸಿಗುವುದಿಲ್ಲ.

ಖನಿಜದ ರಸಾಯನ ಅಂದರೆ ಒಂದೊಂದೇ ಹರಳನ್ನು ಹಿಡಿದು, ಅದರ ನಡುವೆ ಒಂದು ಚುಕ್ಕೆ, ಅಂಚಿನಲ್ಲಿ ಒಂದು ಚುಕ್ಕೆ ಅಳೆಯುವುದು. ಹರಳು ಬೆಳೆಯುವಾಗ ಸುತ್ತ ಇದ್ದ ಮ್ಯಾಗ್ಮಾ ಹೇಗಿತ್ತೋ ಅದಕ್ಕೆ ತಕ್ಕ ಧಾತುಗಳು ಆ ಪದರದಲ್ಲಿ ಸೇರುತ್ತವೆ. ಹೀಗಾಗಿ ಬಿಸಿ ಎಷ್ಟಿತ್ತು, ಒತ್ತಡ ಎಷ್ಟಿತ್ತು, ಆಮ್ಲಜನಕ ಎಷ್ಟು ಸಿಗುತ್ತಿತ್ತು ಎನ್ನುವುದನ್ನು ಹಂತ ಹಂತವಾಗಿ ಹಿಂದಕ್ಕೆ ಲೆಕ್ಕ ಹಾಕಬಹುದು. ನನ್ನ ಮಟ್ಟಿಗೆ, ಹರಳಿನ ಅಂಕಿ ಇಲ್ಲದೆ ಬರೀ ಇಡೀ ಕಲ್ಲಿನ ಅಂಕಿ ಇಟ್ಟುಕೊಂಡು ಹುಟ್ಟಿನ ಕತೆ ಹೇಳುವುದು ಅರ್ಧ ಕೆಲಸ.

ಒಂದೇ ಹರಳಿನ ನಡು ಬೇರೆ, ಅಂಚು ಬೇರೆ ಹೇಗಾಗುತ್ತದೆ?

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಮುದ್ರದ ನೀರು ಬಿಸಿಲಿಗೆ ಆರುತ್ತಾ ಹೋದಂತೆ ಉಪ್ಪು ಹರಳುಗಟ್ಟುತ್ತದೆ. ಉಳಿದ ನೀರು ಮೊದಲಿನ ನೀರಲ್ಲ. ಅದರಲ್ಲಿ ಸೋಡಿಯಂ ಕಡಿಮೆಯಾಗಿ ಮೆಗ್ನೀಸಿಯಂ ಜಾಸ್ತಿಯಾಗಿರುತ್ತದೆ, ಬಾಯಿಗಿಟ್ಟರೆ ಕಹಿ. ಆ ನೀರಿನಿಂದ ಮುಂದೆ ಹರಳು ಕಟ್ಟಿದರೆ ಅದು ಬೇರೆಯದೇ ಉಪ್ಪು. ಮ್ಯಾಗ್ಮಾದಲ್ಲೂ ಇದೇ. ಏನು ಹರಳುಗಟ್ಟಿ ಹೊರಬಂತೋ ಅದರಿಂದ ಉಳಿದ ದ್ರವ ಬದಲಾಗುತ್ತದೆ. ದ್ರವ ಬದಲಾದರೆ ಮುಂದಿನ ಹರಳೂ ಬದಲಾಗುತ್ತದೆ.

ಇದನ್ನು ಒಲೆಯಲ್ಲಿ ಕರಗಿಸಿ ತೋರಿಸಿದವರಲ್ಲಿ ದೊಡ್ಡ ಹೆಸರು ನಾರ್ಮನ್ ಬೋವೆನ್. ವಾಷಿಂಗ್ಟನ್‌ನ ಕಾರ್ನೆಗೀ ಸಂಸ್ಥೆಯ ಜಿಯೋಫಿಸಿಕಲ್ ಲ್ಯಾಬೊರೇಟರಿಯಲ್ಲಿ ಅವರು ಪ್ಲಾಜಿಯೊಕ್ಲೇಸ್ ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗುವ ಬಗೆಯನ್ನು 1913ರಲ್ಲಿ ಪ್ರಕಟಿಸಿದರು. ಈ ಖನಿಜಕ್ಕೆ ಎರಡು ತುದಿ. ಕ್ಯಾಲ್ಸಿಯಂ ತುದಿಯ ಅನಾರ್ಥೈಟ್ ಸುಮಾರು 1550 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೋಡಿಯಂ ತುದಿಯ ಆಲ್ಬೈಟ್ ಸುಮಾರು 1100 ಡಿಗ್ರಿಗೇ ಕರಗುತ್ತದೆ. ಎರಡನ್ನೂ ಅರ್ಧರ್ಧ ಬೆರೆಸಿ ಕರಗಿಸಿ, ಆರಲು ಬಿಡಿ. ಮೊದಲು ಬರುವ ಹರಳು ಅರ್ಧರ್ಧ ಇರುವುದಿಲ್ಲ. ಅದರಲ್ಲಿ ಅನಾರ್ಥೈಟ್ ಪಾಲು ಸುಮಾರು ಶೇ. 80 ಇರುತ್ತದೆ. ಆರುತ್ತಾ ಹೋದಂತೆ ಮೇಲಿನ ಪದರಗಳಲ್ಲಿ ಸೋಡಿಯಂ ಏರುತ್ತದೆ. ನೆಲದಡಿಯ ಮ್ಯಾಗ್ಮಾದಲ್ಲಿ ನೀರಿನ ಅಂಶ ಇರುವುದರಿಂದ ಈ ಡಿಗ್ರಿಗಳು ನೂರಾರು ಕೆಳಗಿಳಿಯುತ್ತವೆ. ಆದರೆ ಕ್ರಮ ಅದೇ.

ತೀರಾ ನಿಧಾನ ಆರಿದರೆ ಹಳೆಯ ಪದರ ಕೂಡ ಹೊಸ ದ್ರವದ ಜೊತೆ ಹೊಂದಿಕೊಂಡು ಇಡೀ ಹರಳು ಒಂದೇ ಥರ ಆಗಬೇಕಿತ್ತು. ಪ್ಲಾಜಿಯೊಕ್ಲೇಸ್‌ನಲ್ಲಿ ಅದು ಆಗುವುದು ಅಪರೂಪ. ಕ್ಯಾಲ್ಸಿಯಂ ಹೊರಟು ಸೋಡಿಯಂ ಬರಬೇಕಾದರೆ ಜೊತೆಗೆ ಅಲ್ಯುಮಿನಿಯಂ, ಸಿಲಿಕಾನ್ ಕೂಡ ಜಾಗ ಬದಲಿಸಬೇಕು. ಅವೆರಡು ಹರಳಿನ ಚೌಕಟ್ಟಿನಲ್ಲೇ ಕೂತಿರುತ್ತವೆ, ಸುಲಭಕ್ಕೆ ಏಳುವುದಿಲ್ಲ. ಅದಕ್ಕೇ ಕೋಟ್ಯಂತರ ವರ್ಷ ಕಳೆದರೂ ಪದರಗಳು ಹಾಗೇ ಇರುತ್ತವೆ.

ಇನ್ನು ಕೆಲವು ಹರಳುಗಳಲ್ಲಿ ಅಂಚಿನ ಕಡೆ ಹೋಗುತ್ತಾ ಸೋಡಿಯಂ ಏರುತ್ತಿದ್ದುದು ಇದ್ದಕ್ಕಿದ್ದಂತೆ ಇಳಿದು, ಕ್ಯಾಲ್ಸಿಯಂ ಮತ್ತೆ ಜಿಗಿಯುತ್ತದೆ. ಆರುತ್ತಿದ್ದ ಮ್ಯಾಗ್ಮಾಕ್ಕೆ ಕೆಳಗಿನಿಂದ ಹೊಸ ಬಿಸಿ ಮ್ಯಾಗ್ಮಾ ಬಂದು ಸೇರಿದಾಗ ಹೀಗಾಗುತ್ತದೆ. ಒತ್ತಡ ಇಳಿದರೂ, ನೀರಿನ ಅಂಶ ಬದಲಾದರೂ ಆಗಬಹುದು. ಯಾವುದು ಎಂದು ಹೇಳಲು ಅದೇ ಪದರದ ಕಬ್ಬಿಣ, ಸ್ಟ್ರಾನ್ಷಿಯಂ ಕೂಡ ನೋಡಬೇಕು.

ಲ್ಯಾಬ್ ಇಲ್ಲದೆ ಬರಿಗಣ್ಣಿಗೆ ಏನು ಕಾಣುತ್ತದೆ?

ಸಾಕಷ್ಟು ಕಾಣುತ್ತದೆ. ಹತ್ತು ಪಟ್ಟಿನ ಕೈಮಸೂರ ಒಂದಿರಲಿ. ಹೊಸದಾಗಿ ಒಡೆದ ಕಲ್ಲಿನ ಮುಖವನ್ನು ಬಿಸಿಲಿಗೆ ಹಿಡಿದು ನಿಧಾನ ತಿರುಗಿಸಿ. ಬಿಳಿ ಅಥವಾ ಬೂದು ಬಣ್ಣದ ಹರಳು ಒಂದು ಕೋನದಲ್ಲಿ ಫಳ್ ಎಂದು ಹೊಳೆದರೆ ಅದು ಫೆಲ್ಡ್‌ಸ್ಪಾರ್. ಆ ಹೊಳೆಯುವ ಮುಖದ ಮೇಲೆ ಸ್ಕೇಲಿಟ್ಟು ಎಳೆದಂಥ ಸಣ್ಣ ಸಮಾನಾಂತರ ಗೆರೆಗಳು ಕಂಡರೆ ಪ್ಲಾಜಿಯೊಕ್ಲೇಸ್. ಗಾಜಿನ ಚೂರಿನ ಹಾಗೆ ಅಡ್ಡಾದಿಡ್ಡಿ ಒಡೆದು, ಹೊಳೆಯುವ ಚಪ್ಪಟೆ ಮುಖವೇ ಇಲ್ಲದ್ದು ಕ್ವಾರ್ಟ್ಜ್, ಅಂದರೆ ಬೆಣಚು.

ಕಪ್ಪು ಹರಳಿಗೆ ಗುಂಡುಪಿನ್ ಬೇಕು. ಪಿನ್ ಮೊನೆಯಿಂದ ಕೆದಕಿದರೆ ತೆಳ್ಳನೆ ಹಾಳೆ ಹಾಳೆಯಾಗಿ ಎದ್ದು ಬಂದರೆ ಬಯೊಟೈಟ್, ಕಪ್ಪು ಕಾಗೆಬಂಗಾರ. ಏಳದೆ ಗಟ್ಟಿ ಕೂತು, ಉದ್ದನೆಯ ಕಡ್ಡಿಯಂತಿದ್ದರೆ ಹಾರ್ನ್‌ಬ್ಲೆಂಡ್. ಈ ಎರಡನ್ನು ಬೇರೆ ಮಾಡುವುದು ಮುಖ್ಯ. ಎರಡರ ಹರಳಿನಲ್ಲೂ ನೀರಿನ ಅಂಶ ಇದೆ. ಅವು ಮ್ಯಾಗ್ಮಾದಿಂದಲೇ ಹರಳುಗಟ್ಟಿದ್ದರೆ ಆ ಮ್ಯಾಗ್ಮಾದಲ್ಲಿ ನೀರು ಕರಗಿತ್ತು ಎಂದಾಯಿತು. ಲ್ಯಾಬಿಗೆ ಕಾಲಿಡುವ ಮೊದಲೇ ಒಂದು ಉತ್ತರ ಸಿಕ್ಕಿತು.

ನಮ್ಮ ಕಡೆಯದ್ದು ಗ್ರಾನೈಟ್ ಹೌದೋ ಅಲ್ಲವೋ?

ಮಾತಿಗೆ ಗ್ರಾನೈಟ್ ಅನ್ನಿ, ತಪ್ಪೇನಿಲ್ಲ. ಹೆಸರು ಸರಿಯಾಗಿ ಬೇಕಾದರೆ ಒಟ್ಟು ಫೆಲ್ಡ್‌ಸ್ಪಾರ್‌ನಲ್ಲಿ ಪ್ಲಾಜಿಯೊಕ್ಲೇಸ್ ಪಾಲು ನೋಡಬೇಕು. ಶೇ. 90ಕ್ಕಿಂತ ಜಾಸ್ತಿ ಇದ್ದರೆ ಟೋನಲೈಟ್. ಶೇ. 65ರಿಂದ 90 ಇದ್ದರೆ ಗ್ರಾನೋಡಯೊರೈಟ್. ಅದಕ್ಕಿಂತ ಕಡಿಮೆಯಾಗಿ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಹೆಚ್ಚಿದರೆ ಗ್ರಾನೈಟ್. ಕಪ್ಪು ಖನಿಜ ತೀರಾ ಕಡಿಮೆ ಇರುವ ಟೋನಲೈಟ್‌ಗೆ ಟ್ರಾಂಡ್‌ಜೆಮೈಟ್ ಎನ್ನುತ್ತಾರೆ. ಕಾರವಾರದ ಬುಡದ ಬಂಡೆ ಬಹುಪಾಲು ಈ ಟೋನಲೈಟ್, ಟ್ರಾಂಡ್‌ಜೆಮೈಟ್, ಗ್ರಾನೋಡಯೊರೈಟ್ ಬಳಗದ್ದು. ಜೊತೆಗೆ ಅಲ್ಲಲ್ಲಿ ಆಂಫಿಬೊಲೈಟ್ ಎಂಬ ಕಪ್ಪನೆಯ ಕಲ್ಲು ಇದೆ. ವಯಸ್ಸು ಸುಮಾರು 320 ಕೋಟಿ ವರ್ಷ.

320 ಕೋಟಿ ವರ್ಷ ಅಂತ ಅಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ?

ಜಿರ್ಕಾನ್ ಎಂಬ ಖನಿಜದಿಂದ. ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಇದು ಇದ್ದೇ ಇರುತ್ತದೆ. ಆದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಗಾತ್ರ, ಕಣ್ಣಿಗೆ ಬೀಳುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಬಯೊಟೈಟ್ ನೋಡುವಾಗ ಅಲ್ಲಲ್ಲಿ ಸಣ್ಣ ಕಾಳು, ಅದರ ಸುತ್ತ ಕಪ್ಪು ವರ್ತುಲ ಕಾಣುವುದುಂಟು. ಆ ಕಾಳು ಹೆಚ್ಚಾಗಿ ಜಿರ್ಕಾನ್. ಅದರೊಳಗಿನ ಯುರೇನಿಯಂ, ಥೋರಿಯಂ ಹೊರಹಾಕಿದ ವಿಕಿರಣ ಸುತ್ತಲಿನ ಬಯೊಟೈಟನ್ನು ಕೆಡಿಸಿ ಆ ವರ್ತುಲ ಆಗಿರುತ್ತದೆ.

ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಒಳಗೆ ಸೇರಿಕೊಳ್ಳುತ್ತದೆ, ಸೀಸಕ್ಕೆ ಒಳಗೆ ಜಾಗ ಇಲ್ಲ. ಹಾಗಾಗಿ ಈಗ ಒಳಗೆ ಸಿಗುವ ಸೀಸ ಹೆಚ್ಚುಕಡಿಮೆ ಎಲ್ಲವೂ ಯುರೇನಿಯಂ ಮತ್ತು ಥೋರಿಯಂ ಒಡೆದೇ ಬಂದದ್ದು. ಯುರೇನಿಯಂನಲ್ಲಿ ಎರಡು ಬಗೆ: ಯುರೇನಿಯಂ 238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು, ಯುರೇನಿಯಂ 235ಕ್ಕೆ 70.4 ಕೋಟಿ ವರ್ಷ ಸಾಕು. 320 ಕೋಟಿ ವರ್ಷದ ಹರಳಿನಲ್ಲಿ ಮೊದಲನೆಯದು 100ಕ್ಕೆ ಸುಮಾರು 61 ಉಳಿದಿರಬೇಕು, ಎರಡನೆಯದು ಬರೀ 4 ಉಳಿದಿರಬೇಕು. ಎರಡು ಲೆಕ್ಕ ಬೇರೆ ಬೇರೆ ವೇಗದಲ್ಲಿ ನಡೆದು ಒಂದೇ ವಯಸ್ಸು ಕೊಟ್ಟರೆ ನಂಬಬಹುದು. ಕೊಡದಿದ್ದರೆ ನಡುವೆ ಸೀಸ ಸೋರಿದೆ, ಇಲ್ಲವೇ ಹರಳು ಎರಡು ಸಲ ಬೆಳೆದಿದೆ ಎಂದು ತಿಳಿಯಬೇಕು. ಎರಡು ಸಲ ಬೆಳೆದಿದ್ದರೆ ನಡು ಬೇರೆ, ಅಂಚು ಬೇರೆ ಅಳೆಯಬೇಕು. ಅದಕ್ಕೆ ಮೊದಲು ಹರಳಿನ ಒಳಚಿತ್ರ ತೆಗೆದು ಎಲ್ಲಿ ಅಳೆಯಬೇಕೆಂದು ಗುರುತು ಮಾಡಿಕೊಳ್ಳುತ್ತಾರೆ.

ಜಗತ್ತಿನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಖನಿಜವೂ ಜಿರ್ಕಾನೇ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನದು, ಸುಮಾರು 440 ಕೋಟಿ ವರ್ಷ. ಅದು ಹುಟ್ಟಿದ ಕಲ್ಲು ಎಂದೋ ಸವೆದು ಹೋಗಿದೆ, ಹರಳು ಮಾತ್ರ ಆಮೇಲಿನ ಪದರಗಲ್ಲಿನಲ್ಲಿ ಸೇರಿ ಉಳಿದಿದೆ.

ಎಷ್ಟು ಆಳದಲ್ಲಿ ಆರಿತು ಎಂದು ಹೇಗೆ ತಿಳಿಯುತ್ತದೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಉತ್ತರ ಹಾರ್ನ್‌ಬ್ಲೆಂಡ್‌ನಲ್ಲಿದೆ. ಒತ್ತಡ ಹೆಚ್ಚಾದಷ್ಟೂ ಈ ಖನಿಜದೊಳಗೆ ಅಲ್ಯುಮಿನಿಯಂ ಹೆಚ್ಚು ಹಿಡಿಸುತ್ತದೆ. ಹ್ಯಾಮರ್‌ಸ್ಟ್ರಾಮ್ ಮತ್ತು ಝೆನ್ 1986ರಲ್ಲಿ ಇದನ್ನು ಆಳ ಅಳೆಯುವ ದಾರಿಯಾಗಿ ಮುಂದಿಟ್ಟರು. ಶ್ಮಿಟ್ 1992ರಲ್ಲಿ ಪ್ರಯೋಗ ಮಾಡಿ ಸೂತ್ರವನ್ನು ಸರಿಪಡಿಸಿದರು. ಸೂತ್ರ ಇಷ್ಟೇ: ಹಾರ್ನ್‌ಬ್ಲೆಂಡ್‌ನ ಒಟ್ಟು ಅಲ್ಯುಮಿನಿಯಂ ಪರಮಾಣುಗಳ ಸಂಖ್ಯೆಯನ್ನು 4.76ರಿಂದ ಗುಣಿಸಿ, 3.01 ಕಳೆಯಿರಿ. ಬಂದದ್ದು ಕಿಲೋಬಾರ್‌ನಲ್ಲಿ ಒತ್ತಡ (ಒಂದು ಕಿಲೋಬಾರ್ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು).

ಒಂದು ಉದಾಹರಣೆ. ಹರಳಿನಲ್ಲಿ ಪ್ರತಿ 23 ಆಮ್ಲಜನಕ ಪರಮಾಣುಗಳಿಗೆ ಅಲ್ಯುಮಿನಿಯಂ ಪರಮಾಣು 1.5 ಬಂತು ಅಂದುಕೊಳ್ಳಿ. 1.5 ಗುಣಿಸು 4.76 ಅಂದರೆ 7.14. ಅದರಲ್ಲಿ 3.01 ಕಳೆದರೆ 4.13 ಕಿಲೋಬಾರ್. ಗ್ರಾನೈಟ್ ಜಾತಿಯ ಕಲ್ಲಿನಡಿ ಪ್ರತಿ ಕಿಲೋಬಾರ್‌ಗೆ ಸುಮಾರು 3.7 ಕಿಲೋಮೀಟರ್ ಆಳ. ಅಲ್ಲಿಗೆ 15 ಕಿಲೋಮೀಟರ್. ಅಲ್ಯುಮಿನಿಯಂ 2 ಇದ್ದಿದ್ದರೆ 6.51 ಕಿಲೋಬಾರ್, ಅಂದರೆ 24 ಕಿಲೋಮೀಟರ್. ಸೂತ್ರದಲ್ಲೇ 0.6 ಕಿಲೋಬಾರ್ ಹೆಚ್ಚುಕಮ್ಮಿ ಇದೆ. ಆಳದಲ್ಲಿ ಎರಡು ಕಿಲೋಮೀಟರ್ ಆಚೀಚೆ. "15.3 ಕಿಲೋಮೀಟರ್" ಎಂದು ದಶಮಾಂಶ ಹಾಕಿ ಬರೆಯುವ ವಿದ್ಯಾರ್ಥಿಗಳಿಗೆ ಒಂದು ಮಾತು: ಆ ದಶಮಾಂಶಕ್ಕೆ ಬೆಲೆ ಇಲ್ಲ.

ಷರತ್ತೂ ಇದೆ. ಕಲ್ಲಿನಲ್ಲಿ ಹಾರ್ನ್‌ಬ್ಲೆಂಡ್ ಜೊತೆ ಕ್ವಾರ್ಟ್ಜ್, ಎರಡೂ ಫೆಲ್ಡ್‌ಸ್ಪಾರ್, ಬಯೊಟೈಟ್, ಟೈಟಾನಿಯಂ ಇರುವ ಟೈಟನೈಟ್, ಕಬ್ಬಿಣದ ಖನಿಜಗಳಾದ ಮ್ಯಾಗ್ನೆಟೈಟ್ ಅಥವಾ ಇಲ್ಮೆನೈಟ್ ಒಟ್ಟಿಗೆ ಇರಬೇಕು. ಅಳತೆ ಹರಳಿನ ಅಂಚಿನದಾಗಿರಬೇಕು, ಯಾಕೆಂದರೆ ಕೊನೆಯ ದ್ರವ ಗಟ್ಟಿಯಾಗುವಾಗಿನ ಒತ್ತಡ ಅಂಚಿನಲ್ಲಿದೆ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಇಲ್ಲದ ಟೋನಲೈಟ್‌ಗೆ ಸುಮ್ನೆ ಸೂತ್ರ ಹಚ್ಚಿದರೆ ಒಂದು ಸಂಖ್ಯೆ ಬರುತ್ತದೆ, ಅರ್ಥ ಬರುವುದಿಲ್ಲ. ನಮ್ಮ ಕರಾವಳಿಯ ಕಲ್ಲಿಗೆ ಈ ಎಚ್ಚರ ಬೇಕೇ ಬೇಕು.

ಬಿಸಿ ಎಷ್ಟಿತ್ತು ಎನ್ನುವುದಕ್ಕೂ ಹೀಗೇ ಸೂತ್ರ ಇದೆಯಾ?

ಇದೆ, ಬೇಕಾದಷ್ಟು. ಮ್ಯಾಗ್ನೆಟೈಟ್ ಮತ್ತು ಇಲ್ಮೆನೈಟ್ ಜೋಡಿ ಹಳೆಯದು. ಬಡಿಂಗ್ಟನ್ ಮತ್ತು ಲಿಂಡ್ಸ್‌ಲೀ 1964ರಲ್ಲಿ ಕೊಟ್ಟದ್ದು. ಬಿಸಿಯ ಜೊತೆ ಆಮ್ಲಜನಕದ ಸ್ಥಿತಿಯನ್ನೂ ಅದು ಹೇಳುತ್ತದೆ. ಆದರೆ ನಿಧಾನ ಆರಿದ ಕಲ್ಲಿನಲ್ಲಿ ಈ ಜೋಡಿ ಆರುವಾಗಲೂ ಬದಲಾಗುತ್ತಲೇ ಇರುತ್ತದೆ, ಉತ್ತರ ಕಡಿಮೆ ಬರುತ್ತದೆ. ಗ್ರಾನೈಟ್ ಜಾತಿಗೆ ಜಿರ್ಕಾನ್‌ನೊಳಗಿನ ಟೈಟಾನಿಯಂ ವಾಸಿ. ಬಿಸಿ ಹೆಚ್ಚಿದ್ದರೆ ಟೈಟಾನಿಯಂ ಹೆಚ್ಚು. ಅಂದಾಜಿಗೆ ನೆನಪಿಡಿ: ಬಸಾಲ್ಟ್ ಲಾವಾ 1100ರಿಂದ 1200 ಡಿಗ್ರಿ, ನೀರಿನಂಶದ ಗ್ರಾನೈಟ್ ಮ್ಯಾಗ್ಮಾ 650ರಿಂದ 800 ಡಿಗ್ರಿ.

ಬೂದು ಬಂಡೆಯ ನಡುವೆ ಕಪ್ಪು ಪಟ್ಟಿ ಹಾದುಹೋಗಿದೆ. ಅದೇನು?

ಎರಡು ಸಾಧ್ಯತೆ. ಬಿರುಕಿನೊಳಗೆ ಬಿಸಿ ಮ್ಯಾಗ್ಮಾ ನುಗ್ಗಿ ಆರಿದ್ದರೆ ಡೈಕ್. ಪಟ್ಟಿಯ ಎರಡೂ ಬದಿ ನೋಡಿ. ತಣ್ಣನೆ ಬಂಡೆಗೆ ತಾಗಿ ಬೇಗ ಆರಿದ್ದರಿಂದ ಅಂಚಿನಲ್ಲಿ ಹರಳು ತೀರಾ ಸಣ್ಣದು, ನಡುವೆ ಸ್ವಲ್ಪ ದೊಡ್ಡದು ಇರುತ್ತದೆ. ಒಳಗೆ ಪ್ಲಾಜಿಯೊಕ್ಲೇಸ್ ಕಡ್ಡಿಗಳು, ಜೊತೆಗೆ ಪೈರಾಕ್ಸೀನ್ ಎಂಬ ಕಪ್ಪು ಖನಿಜ. ಇನ್ನೊಂದು ಆಂಫಿಬೊಲೈಟ್: ಹಳೆಯ ಬಸಾಲ್ಟ್ ಜಾತಿಯ ಕಲ್ಲು ಬಿಸಿ ಒತ್ತಡಕ್ಕೆ ಸಿಕ್ಕಿ ಪೈರಾಕ್ಸೀನ್ ಎಲ್ಲಾ ಹಾರ್ನ್‌ಬ್ಲೆಂಡ್ ಆಗಿ, ಕಡ್ಡಿಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ.

ಡೈಕ್‌ಗಳಲ್ಲೂ ಹಳೆಯವು, ಹೊಸವು ಎಂದಿವೆ. ನೆರೆಯ ಗೋವಾದ ಕರಾವಳಿಯಲ್ಲಿ ದಖ್ಖನ್ ಬಸಾಲ್ಟ್‌ಗೆ ಸೇರಿದ ಡೈಕ್‌ಗಳಿವೆ, ವಯಸ್ಸು 6.28 ಕೋಟಿ ವರ್ಷ. ದಖ್ಖನ್ ಲಾವಾ ಮುಖ್ಯವಾಗಿ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಅಂದರೆ ಈ ಡೈಕ್‌ಗಳು ಆ ಸಾಲಿನಲ್ಲಿ ಕೊನೆಯ ಕಡೆಯವು.

ಆ ಬಸಾಲ್ಟ್ ನೇರ ಭೂಮಿಯ ಹೊದಿಕೆಯಿಂದ ಬಂದದ್ದೋ, ದಾರಿಯಲ್ಲಿ ಬದಲಾದದ್ದೋ?

ಹೊದಿಕೆ ಅಂದರೆ ಭೂಮಿಯ ಹೊರಚಿಪ್ಪಿನ ಕೆಳಗಿನ ಪದರ, ಮ್ಯಾಂಟಲ್. ಇದಕ್ಕೆ ಆಲಿವೀನ್ ಬೇಕು. ಹಸಿರು ಬಣ್ಣದ ಈ ಖನಿಜದಲ್ಲಿ ಮೆಗ್ನೀಸಿಯಂ, ಕಬ್ಬಿಣ ಎರಡೂ ಒಂದರ ಜಾಗದಲ್ಲಿ ಇನ್ನೊಂದು ಕೂರಬಲ್ಲವು. ಮೆಗ್ನೀಸಿಯಂ ತುದಿ ಸುಮಾರು 1890 ಡಿಗ್ರಿಗೆ ಕರಗುತ್ತದೆ, ಕಬ್ಬಿಣದ ತುದಿ 1205ಕ್ಕೆ. ಹಾಗಾಗಿ ಮೊದಲ ಹರಳಿಗೆ ಮೆಗ್ನೀಸಿಯಂ ಹೆಚ್ಚು.

ರೋಡರ್ ಮತ್ತು ಎಮ್ಸ್ಲೀ 1970ರಲ್ಲಿ ಒಂದು ಅನುಪಾತ ಕಂಡುಕೊಂಡರು. ಆಲಿವೀನ್‌ನಲ್ಲಿ ಕಬ್ಬಿಣಕ್ಕೆ ಮೆಗ್ನೀಸಿಯಂ ಎಷ್ಟು ಪಟ್ಟು ಇದೆಯೋ, ಅದನ್ನು 0.3ರಿಂದ ಗುಣಿಸಿದರೆ ಸುತ್ತಲಿನ ದ್ರವದಲ್ಲಿ ಎಷ್ಟು ಪಟ್ಟು ಇತ್ತು ಎಂದು ಸಿಗುತ್ತದೆ. ಭೂಮಿಯ ಹೊದಿಕೆಯ ಆಲಿವೀನ್‌ನಲ್ಲಿ 100ಕ್ಕೆ ಸುಮಾರು 90 ಮೆಗ್ನೀಸಿಯಂ, 10 ಕಬ್ಬಿಣ. ಒಂಬತ್ತು ಪಟ್ಟು. 0.3ರಿಂದ ಗುಣಿಸಿದರೆ 2.7 ಪಟ್ಟು. ಅಂದರೆ ಹೊದಿಕೆಯ ಜೊತೆ ಹೊಂದಿಕೊಂಡ ದ್ರವದಲ್ಲಿ ಎರಡರ ಮೊತ್ತದಲ್ಲಿ ಮೆಗ್ನೀಸಿಯಂ ಶೇ. 73.

ಈಗ ನಿಮ್ಮ ಡೈಕ್‌ನಲ್ಲಿ ಆಲಿವೀನ್ 75–25 ಬಂತು ಅಂದುಕೊಳ್ಳಿ. ಮೂರು ಪಟ್ಟು. ದ್ರವದಲ್ಲಿ 0.9 ಪಟ್ಟು, ಅಂದರೆ ಮೆಗ್ನೀಸಿಯಂ ಶೇ. 47. ಆ ಮ್ಯಾಗ್ಮಾ ಹೊದಿಕೆಯಿಂದ ನೇರ ಬಂದದ್ದಲ್ಲ. ದಾರಿಯಲ್ಲಿ ಎಲ್ಲೋ ನಿಂತು, ಆರಿ, ಹರಳು ಕೆಳಗೆ ಬಿಟ್ಟು ಬಂದಿದೆ.

ಆಲಿವೀನ್‌ಗೆ ಇನ್ನೊಂದು ಗುಣ ಇದೆ. ಇದರೊಳಗೆ ಕಬ್ಬಿಣ, ಮೆಗ್ನೀಸಿಯಂ ಬಿಸಿಯಲ್ಲಿ ಬೇಗ ಓಡಾಡುತ್ತವೆ. ಹೊಸ ಮ್ಯಾಗ್ಮಾ ಬಂದು ಸೇರಿದ ಮೇಲೆ ಹರಳಿನ ಅಂಚು ಎಷ್ಟು ಮಸುಕಾಗಿದೆ ಎಂದು ಅಳೆದು, ಅಲ್ಲಿಂದ ಕಲ್ಲು ಆರುವವರೆಗೆ ಎಷ್ಟು ದಿನ, ಎಷ್ಟು ತಿಂಗಳು ಕಳೆಯಿತು ಎಂದು ಲೆಕ್ಕ ಹಾಕುತ್ತಾರೆ. ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ತಿಂಗಳ ಲೆಕ್ಕ! ಇದನ್ನು ಓದಿದಾಗಲೆಲ್ಲ ನನಗೆ ಈಗಲೂ ಖುಷಿಯಾಗುತ್ತದೆ.

ಕಾರವಾರದ ಹಳೆಯ ಬಂಡೆ ಯಾವ ಕಲ್ಲು ಕರಗಿ ಆಯಿತು?

ಈ ಬಳಗದ ಕಲ್ಲುಗಳಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ನೀರು ಸೇರಿದ ಬಸಾಲ್ಟ್ ಜಾತಿಯ ಕಲ್ಲು ಆಳದಲ್ಲಿ ಅರೆಬರೆ ಕರಗಿದರೆ ಇಂಥ ದ್ರವ ಬರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕರಗದೆ ಕೆಳಗೆ ಉಳಿದದ್ದು ಏನು ಎನ್ನುವುದನ್ನು ದ್ರವದ ಸಣ್ಣ ಧಾತುಗಳು ಹೇಳುತ್ತವೆ. ಗಾರ್ನೆಟ್ ಎಂಬ ಖನಿಜ ಉಳಿದಿದ್ದರೆ ಅದು ಇಟರ್ಬಿಯಂನಂಥ ಭಾರದ ಧಾತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ಬಂದ ಕಲ್ಲಿನಲ್ಲಿ ಅವು ಕಡಿಮೆ. ಪ್ಲಾಜಿಯೊಕ್ಲೇಸ್ ಉಳಿದಿದ್ದರೆ ಸ್ಟ್ರಾನ್ಷಿಯಂ, ಯುರೋಪಿಯಂ ಕಡಿಮೆ. ಮೊದಲನೆಯದು ಹೆಚ್ಚು ಆಳ, ಎರಡನೆಯದು ಕಡಿಮೆ ಆಳ ಎಂದು ಒಂದು ಅಂದಾಜು.

ಕುಮಟಾದ ಬಳಿ ಹಾದುಹೋಗುವ ಎರಡು ಭೂಭಾಗ ಕೂಡಿಕೊಂಡ ಒಂದು ಹಳೆಯ ಜೋಡಣೆಯ ಗೆರೆ ಕಾರವಾರದ ತುಂಡನ್ನು ಧಾರವಾಡದ ತುಂಡಿನಿಂದ ಬೇರೆ ಮಾಡುತ್ತದೆ, ಕಾರವಾರದ್ದು ಒಂದು ಕಾಲಕ್ಕೆ ಮಡಗಾಸ್ಕರ್‌ನ ಆಂಟೊಂಗಿಲ್ ಭಾಗದ ಜೊತೆಗಿತ್ತು ಎಂಬ ವಾದವೂ ಇದೆ. ಆ ಗೆರೆಯ ಕಲ್ಲುಗಳ ಕಾಗೆಬಂಗಾರದ ರಸಾಯನ ಈ ವಾದದಲ್ಲಿ ದೊಡ್ಡ ಸಾಕ್ಷಿ. ಆದರೆ ಅವು ಅಗ್ನಿಶಿಲೆಗಳಲ್ಲ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಹರಳನ್ನು ಅಳೆಯುವ ಮಷೀನ್ ಯಾವುದು?

ಎಲೆಕ್ಟ್ರಾನ್ ಮೈಕ್ರೋಪ್ರೋಬ್. ಫ್ರಾನ್ಸಿನ ರೇಮಂಡ್ ಕಾಸ್ಟಾಂ 1951ರ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ಇದಕ್ಕೆ ಬುನಾದಿ ಹಾಕಿದರು. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದು, ಕನ್ನಡಿಯಷ್ಟು ನುಣುಪು ಮಾಡಿ, ಮೇಲೆ ತೆಳ್ಳಗೆ ಇಂಗಾಲ ಲೇಪಿಸುತ್ತಾರೆ. ಎಲೆಕ್ಟ್ರಾನ್ ಕಿರಣ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಸಣ್ಣ ಚುಕ್ಕೆಗೆ ಬಡಿಯುತ್ತದೆ. ಅಲ್ಲಿಂದ ಹೊರಡುವ ಎಕ್ಸ್‌ ಕಿರಣ ನೋಡಿ ಯಾವ ಧಾತು ಎಷ್ಟಿದೆ ಎಂದು ಲೆಕ್ಕ.

ನನ್ನ ಬಯೊಟೈಟ್ ಅಳತೆಯಲ್ಲಿ ಎಲ್ಲದರ ಮೊತ್ತ ಶೇ. 100ರ ಬದಲು 95 ಬಂದಿದೆ. ಮಷೀನ್ ಕೆಟ್ಟಿದೆಯಾ?

ಇಲ್ಲ. ಮೈಕ್ರೋಪ್ರೋಬ್‌ಗೆ ಜಲಜನಕ ಕಾಣುವುದಿಲ್ಲ. ಬಯೊಟೈಟ್‌ನ ನೀರಿನ ಪಾಲು ಹೊರಗುಳಿದು 95, 96 ಬರುತ್ತದೆ. ಹಾರ್ನ್‌ಬ್ಲೆಂಡ್ 97, 98. ಫೆಲ್ಡ್‌ಸ್ಪಾರ್ 95 ಬಂದರೆ ಮಾತ್ರ ಅನುಮಾನ ಪಡಿ, ಅದರಲ್ಲಿ ನೀರಿಲ್ಲ.

ಇಷ್ಟು ಮಳೆ ಬೀಳುವ ಕಡೆ ಕಲ್ಲು ಹಾಳಾಗಿರುವುದಿಲ್ಲವೇ?

ಹಾಳಾಗಿರುತ್ತದೆ. ಇಲ್ಲಿನ ಮುಖ್ಯ ತಲೆನೋವೇ ಇದು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಕರಾವಳಿಯಲ್ಲಿ ಫೆಲ್ಡ್‌ಸ್ಪಾರ್ ಬಿಳಿ ಜೇಡಿಯಾಗುತ್ತದೆ, ಬಯೊಟೈಟ್ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಸುತ್ತಿಗೆ ಬಿದ್ದಾಗ ಠಣ್ ಎನ್ನಬೇಕು, ದಪ್ ಎಂದರೆ ಆ ಕಲ್ಲು ಬೇಡ. ಅಲೆ ಬಡಿದು ತೊಳೆದ ಬಂಡೆ, ಕ್ವಾರಿಯಲ್ಲಿ ಹೊಸದಾಗಿ ಸಿಡಿಸಿದ ಕಲ್ಲು ಒಳ್ಳೆಯದು.

ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಒಳ್ಳೆಯ ಕಲ್ಲು ಕಾಣುತ್ತದೆ ನಿಜ. ಮಳೆಗಾಲದಲ್ಲಿ ಅತ್ತ ತಲೆ ಹಾಕಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ.

ಮಳೆಗಿಂತ ಮೋಸದ್ದು ಹಳೆಯ ಬಿಸಿ. ಕಲ್ಲು ಆರಿದ ಮೇಲೆ ಮತ್ತೊಮ್ಮೆ ಬಿಸಿಯಾಗಿದ್ದರೆ ಪ್ಲಾಜಿಯೊಕ್ಲೇಸ್ ಒಡೆದು ಆಲ್ಬೈಟ್ ಮತ್ತು ಹಳದಿ ಹಸಿರಿನ ಎಪಿಡೋಟ್ ಆಗಬಹುದು, ಬಯೊಟೈಟ್ ಹಸಿರು ಕ್ಲೋರೈಟ್ ಆಗಬಹುದು. ಹೊರಗೆ ಗಟ್ಟಿಯಾಗೇ ಕಾಣುತ್ತದೆ. ಅಂಥದ್ದನ್ನು ಅಳೆದರೆ ಸಿಗುವುದು ಎರಡನೇ ಬಿಸಿಯ ಸುದ್ದಿ, ಹುಟ್ಟಿದ ಸುದ್ದಿ ಅಲ್ಲ. ಹಾಗಾಗಿ ಮೊದಲು ಮೈಕ್ರೋಸ್ಕೋಪ್, ಆಮೇಲೆ ಮಷೀನ್. ತಡೆದು ಉಳಿಯುವ ಖನಿಜಗಳೂ ಇವೆ: ಜಿರ್ಕಾನ್, ಪೈರಾಕ್ಸೀನ್‌ನ ನಡು, ಮತ್ತೆ ಕ್ರೋಮಿಯಂ ಇರುವ ಕ್ರೋಮೈಟ್. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆಯ ಹಳೆಯ ಕಲ್ಲುಗಳಲ್ಲಿ ಆಲಿವೀನ್ ನೀರು ಹೀರಿ ಸರ್ಪೆಂಟೀನ್ ಎಂಬ ಬೇರೆ ಖನಿಜ ಆಗಿ ಹೋದರೂ ಕ್ರೋಮೈಟ್‌ನ ನಡುಭಾಗ ನೋಡಿಯೇ ಮೂಲ ಮ್ಯಾಗ್ಮಾ ಹೇಗಿತ್ತು ಎಂದು ಲೆಕ್ಕ ಹಾಕಿದ್ದಾರೆ.

ಯಾಣದ ಕಪ್ಪು ಬಂಡೆ ಲಾವಾ ಅಲ್ವಾ?

ಅಲ್ಲ. ಭೈರವೇಶ್ವರ ಶಿಖರ, ಮೋಹಿನಿ ಶಿಖರ ಎರಡೂ ಸುಣ್ಣದಕಲ್ಲು. ಬಣ್ಣ ನೋಡಿ ಮೋಸ ಹೋಗಬೇಡಿ. ಸುಣ್ಣದಕಲ್ಲಿಗೆ ಆಮ್ಲ ತಾಗಿದರೆ ಬುರುಗುತ್ತದೆ, ಬಸಾಲ್ಟ್ ಬುರುಗುವುದಿಲ್ಲ. (ಯಾಣದಲ್ಲಿ ಈ ಪ್ರಯೋಗ ಮಾಡಲು ಹೋಗಬೇಡಿ, ದೇವರ ಜಾಗ ಅದು.)

ಚಿರೆಕಲ್ಲು (ಜಂಬಿಟ್ಟಿಗೆ) ಅಗ್ನಿಶಿಲೆಯಾ?

ಅಗ್ನಿಶಿಲೆಯೂ ಸೇರಿ ಯಾವುದೇ ಕಲ್ಲು ಮಳೆ ಬಿಸಿಲಿಗೆ ಶಿಥಿಲವಾಗಿ, ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲಾ ತೊಳೆದುಹೋಗಿ, ಹೆಚ್ಚಾಗಿ ಕಬ್ಬಿಣ ಅಲ್ಯುಮಿನಿಯಂ ಉಳಿದದ್ದು. ಮನೆ ಕಟ್ಟಲು ಚೆಂದ, ಮ್ಯಾಗ್ಮಾ ವಿಚಾರಿಸಲು ಉಪಯೋಗ ಇಲ್ಲ.

ಮಾಜಾಳಿ ಹತ್ತಿರದ ತಿಳ್‌ಮಾತಿ ಬೀಚಿನ ಕಪ್ಪು ಮರಳು ಜ್ವಾಲಾಮುಖಿಯದ್ದಾ?

ಕಪ್ಪು ಮರಳಿಗೆ ಜ್ವಾಲಾಮುಖಿಯೇ ಬೇಕೆಂದಿಲ್ಲ. ಕಪ್ಪು ಕಲ್ಲು ಸವೆದ ಚೂರೂ ಇರಬಹುದು, ಅಲೆ ಹಗುರ ಬೆಣಚನ್ನು ಒಯ್ದು ಭಾರದ ಖನಿಜವನ್ನು ಬಿಟ್ಟು ಹೋದದ್ದೂ ಇರಬಹುದು. ಅಯಸ್ಕಾಂತವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಣ ಮರಳಿನ ಮೇಲೆ ಆಡಿಸಿ. ಗಪ್ಪನೆ ಅಂಟುವುದು ಮ್ಯಾಗ್ನೆಟೈಟ್. ಇಲ್ಮೆನೈಟ್‌ಗೆ ಸೆಳೆತ ಕಡಿಮೆ. ಹಾರ್ನ್‌ಬ್ಲೆಂಡ್, ಪೈರಾಕ್ಸೀನ್ ಸಾದಾ ಅಯಸ್ಕಾಂತಕ್ಕೆ ಬರುವುದಿಲ್ಲ. ನೋಡಿ ಮರಳನ್ನು ಅಲ್ಲೇ ಬಿಟ್ಟು ಬನ್ನಿ.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಳು ಬಸಾಲ್ಟ್ ಎಂದು ಗೈಡ್ ಹೇಳಿದರು.

ಕಂಬದಂತೆ ಬಿರುಕು ಬಿಟ್ಟ ಕಲ್ಲೆಲ್ಲಾ ಬಸಾಲ್ಟ್ ಎಂಬ ರೂಢಿ ಇದೆ, ಅದಕ್ಕೆ ಹಾಗೆ ಹೇಳಿರಬೇಕು. ಅದು ಸಿಲಿಕಾ ಹೆಚ್ಚಿರುವ ರಯೊಲೈಟ್, ಡೇಸೈಟ್ ಜಾತಿ. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ದಖ್ಖನ್‌ಗಿಂತ ಹಳೆಯದು.

ಶಿರಸಿ ಕಡೆಯೂ ಇದೇ ಕಲ್ಲು ಸಿಗುತ್ತದಾ?

ಘಟ್ಟ ಹತ್ತಿದ ಮೇಲೆ ಲೆಕ್ಕ ಬೇರೆ. ಶಿರಸಿ ಸುತ್ತ ಹೆಚ್ಚಾಗಿ ಹಳೆಯ ಸಮುದ್ರದಡಿ ಕೂತ ಕೆಸರು, ಮರಳು, ಸುಣ್ಣ, ಕಬ್ಬಿಣದ ಪದರಗಳಿಂದಾದ ಕಲ್ಲುಗಳು. ಅವುಗಳ ಬುಡದಲ್ಲಿ ನೈಸ್, ಅಂದರೆ ಬಿಸಿ ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು ಇದೆ.

ಅಡುಗೆ ಕಟ್ಟೆಗೆ ಹಾಕಿಸಿದ "ಬ್ಲ್ಯಾಕ್ ಗ್ರಾನೈಟ್" ಗ್ರಾನೈಟೇ?

ಅಂಗಡಿಯಲ್ಲಿ ಹೌದು. ಖನಿಜ ನೋಡಿದರೆ ಬಹುತೇಕ ಡೊಲೆರೈಟ್ ಅಥವಾ ಗ್ಯಾಬ್ರೋ, ಅಂದರೆ ನೆಲದಡಿಯೇ ಆರಿದ ಬಸಾಲ್ಟ್ ಜಾತಿಯ ಕಲ್ಲು. ನಿಂಬೆರಸಕ್ಕೆ ಹೆದರುವುದಿಲ್ಲ, ಅಷ್ಟು ಸಾಕು.

ಪ್ರಾಜೆಕ್ಟ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗ ಇದೆ. ಮೊದಲು ನಿಮ್ಮ ಗೈಡ್ ಜೊತೆ ಮಾತಾಡಿ ಒಂದೇ ಪ್ರಶ್ನೆ ಆರಿಸಿ: ಆಳವೋ, ಬಿಸಿಯೋ, ವಯಸ್ಸೋ. ಮೂರನ್ನೂ ಒಂದೇ ವರ್ಷದಲ್ಲಿ ಹಿಡಿಯಲು ಹೋಗಬೇಡಿ. ಪ್ರಶ್ನೆಗೆ ತಕ್ಕ ಖನಿಜ ಇರುವ ಕಲ್ಲು ಹುಡುಕಿ, ಬಂಡೆಗೆ ಅಂಟಿಕೊಂಡೇ ಇರುವ ಭಾಗದಿಂದ ಒಡೆಯಿರಿ. ಬಿದ್ದ ಕಲ್ಲು ಎಲ್ಲಿಂದ ಬಂತೋ ಯಾರಿಗೆ ಗೊತ್ತು, ಬಂದರು ಕಟ್ಟುವಾಗ ಲಾರಿಯಲ್ಲಿ ತಂದು ಸುರಿದದ್ದೂ ಇರಬಹುದು.

ಚೀಲದ ಮೇಲೆ ನಂಬರು ಬರೆಯಿರಿ, ಅದೇ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಚೀಲದ ಒಳಗೂ ಹಾಕಿ. ನಮ್ಮ ಕಡೆಯ ತೇವಕ್ಕೆ ಮಾರ್ಕರ್ ಪೆನ್ನಿನ ಬರಹ ವಾರದಲ್ಲಿ ಅಳಿಸಿಹೋಗುತ್ತದೆ, ಚೀಟಿಗೆ ಪೆನ್ಸಿಲ್ಲೇ ಒಳ್ಳೆಯದು. ಫೋಟೋ ತೆಗೆಯುವಾಗ ಕಲ್ಲಿನ ಪಕ್ಕ ಒಂದು ನಾಣ್ಯ ಇಡಿ.